ಡೆಡ್‌ಲೈನ್: ಗುಂಡಿನ ಗೆರೆ, ಕೊಟ್ಟ ಮಾತು

ದಿನಕ್ಕೆ ಹತ್ತು ಸಲ ನಾವು ಹೇಳೋ ‘ಡೆಡ್‌ಲೈನ್’ ಮೊದಲು ದಿನಾಂಕವೇ ಅಲ್ಲ, ನೆಲದ ಮೇಲಿನ ಗಡಿ. 1864, ಅಮೆರಿಕದ ಅಂತರ್ಯುದ್ಧದ ಕಾಲ. ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಹೊರಗೋಡೆಯಿಂದ ಸುಮಾರು 19 ಅಡಿ ಒಳಗೆ ಮರದ ಸಣ್ಣ ಬೇಲಿ ಇತ್ತು. ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೀತಿದ್ದ. ಅದೇ ‘ಡೆಡ್ ಲೈನ್’. ಅಲ್ಲಿದ್ದ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಸತ್ತರು, ಹೆಚ್ಚಿನವರು ಹಸಿವು, ಕಾಯಿಲೆಗಳಿಂದ.

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕೆಯವರು ಇದನ್ನ ಸುದ್ದಿ ಕೊಡೋ ಕಡೇ ಹೊತ್ತಿಗೆ ಬಳಸಿದರು. ಅಲ್ಲಿಂದ ನಮ್ಮ ಆಫೀಸಿಗೂ ಬಂತು.

ನಮಗೆ ‘ಗಡುವು’ ಇದೆ. ಹೈದರಾಬಾದಿನ ತೆಲುಗು ಸಹೋದ್ಯೋಗಿಗೂ ಅದು ಗೊತ್ತು. ‘ವಾಯಿದೆ’ನೂ ಇದೆ. ಅದರ ಅರಬ್ಬಿ ಮೂಲದ ಅರ್ಥ, ಕೊಟ್ಟ ಮಾತು. ಮಾತು ಕೊಟ್ಟವರು ಇನ್ನೆರಡು ದಿನ ಕೇಳಬಹುದು. ಆ ಬೇಲಿ ಹತ್ತಿರ ಕೇಳೋ ಹಾಗಿರಲಿಲ್ಲ. ನಾಳೆ ಟೀಮಿಗೆ ದಿನಾಂಕ ಹೇಳುವಾಗ ಇವೆರಡರಲ್ಲಿ ಯಾವುದು ನಿಮ್ಮ ಮನಸ್ಸಲ್ಲಿರತ್ತೆ?