ಮಿದುಳಿನ ಪಿಸುದನಿ ಹಿಡಿದ ಭೌತವಿಜ್ಞಾನಿ

1969ರ ಡಿಸೆಂಬರ್ ತಿಂಗಳ ಕೊನೆಯ ದಿನಗಳು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯ ಒಂದು ವಿಚಿತ್ರ ಕೋಣೆಯೊಳಗೆ ನಡುವಯಸ್ಸಿನ ವಿಜ್ಞಾನಿಯೊಬ್ಬರು ಬರೀ ಚಡ್ಡಿಯಲ್ಲಿ ನಿಂತಿದ್ದರು. ಹೆಸರು ಜೇಮ್ಸ್ ಝಿಮ್ಮರ್‌ಮನ್. ಪ್ಯಾಂಟಿನ ಜಿಪ್, ಬೆಲ್ಟಿನ ಬಕಲ್, ಕೈಗಡಿಯಾರದಂಥ ಲೋಹದ ವಸ್ತುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕೋಣೆಯ ಗೋಡೆಗಳೇ ಹಲವು ಪದರಗಳ ಲೋಹದವು. ಹೊರಗಿನ ಕಾಂತಪ್ರಭಾವ ಒಳಗೆ ನುಸುಳದಂತೆ ತಡೆಯುವುದೇ ಅವುಗಳ ಕೆಲಸ. ಕೋಣೆ ಕಟ್ಟಿಸಿದವರು ಡೇವಿಡ್ ಕೋಹೆನ್. ಒಳಗೆ ಇಟ್ಟಿದ್ದ ಅತಿಸೂಕ್ಷ್ಮ ಉಪಕರಣವನ್ನು ತಯಾರಿಸಿ ತಂದವರು ಝಿಮ್ಮರ್‌ಮನ್. ಅಂದು ಅವರದೇ ಹೃದಯ ಹೊಮ್ಮಿಸುವ ಕಾಂತಕ್ಷೇತ್ರ, ಆವರೆಗೆ ಯಾರೂ ಕಾಣದಷ್ಟು ಸ್ಪಷ್ಟವಾಗಿ ದಾಖಲಾಯಿತು.

ಕೋಹೆನ್ ಅವರಿಗೆ ಬೇಕಾಗಿದ್ದುದು ಹೃದಯವಷ್ಟೇ ಅಲ್ಲ, ಮಿದುಳು ಕೂಡ.

ತಂತಿಯಲ್ಲಿ ವಿದ್ಯುತ್ ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಏಳುತ್ತದೆ ಎಂಬುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲೇ ತೋರಿಸಿದ್ದ. ಮಿದುಳಿನ ನರಕೋಶಗಳಲ್ಲೂ ಹರಿಯುವುದು ವಿದ್ಯುತ್ತೇ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ತಲೆಯ ಮೇಲೆ ವಿದ್ಯುದ್ವಾರಗಳನ್ನಿಟ್ಟು ಆ ವಿದ್ಯುತ್ತಿನ ಏರಿಳಿತವನ್ನು ದಾಖಲಿಸಿದ್ದರು. ಇಂದು ಮೂರ್ಛೆರೋಗಿಗಳ ತಪಾಸಣೆಯಲ್ಲಿ ಸಾಮಾನ್ಯವಾಗಿರುವ ಇಇಜಿ ಹುಟ್ಟಿದ್ದು ಹೀಗೆ. ವಿದ್ಯುತ್ ಇದ್ದಮೇಲೆ ಕಾಂತಕ್ಷೇತ್ರವೂ ಇರಲೇಬೇಕಲ್ಲವೆ? ಇರಬೇಕು, ಆದರೆ ಎಷ್ಟು? ನೆತ್ತಿಯ ಬಳಿ ಸಿಗುವುದು ಭೂಮಿಯ ಕಾಂತಕ್ಷೇತ್ರದ ಸುಮಾರು 50 ಕೋಟಿಯಲ್ಲಿ ಒಂದು ಪಾಲು. ಜೊತೆಗೆ ರಸ್ತೆಯ ವಾಹನ, ಲಿಫ್ಟು, ಗೋಡೆಯೊಳಗಿನ ವಿದ್ಯುತ್ ತಂತಿಗಳ ಗದ್ದಲ ಬೇರೆ. ಜಾತ್ರೆಯ ನಡುವೆ ನಿಂತು ಇರುವೆಯ ಹೆಜ್ಜೆಸಪ್ಪಳ ಕೇಳುವಂಥ ಕೆಲಸ ಅದು.

ಕೆನಡಾದ ವಿನಿಪೆಗ್‌ನಲ್ಲಿ 1927ರಲ್ಲಿ ಹುಟ್ಟಿದ ಕೋಹೆನ್ ವೈದ್ಯರಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 1963ರಲ್ಲಿ ಬೌಲೆ ಮತ್ತು ಮ್ಯಾಕ್‌ಫೀ ಎಂಬ ಇಬ್ಬರು ಲಕ್ಷಾಂತರ ಸುತ್ತಿನ ತಂತಿಸುರುಳಿ ಹಿಡಿದು ಹೃದಯದ ಕಾಂತಕ್ಷೇತ್ರವನ್ನು ಪತ್ತೆ ಮಾಡಿದ್ದರು. ಅವರಿಗೆ ಸಿಕ್ಕ ಸಂಕೇತದಲ್ಲಿ ಗದ್ದಲವೇ ಹೆಚ್ಚು. ಉಪಕರಣವನ್ನು ಚುರುಕು ಮಾಡಿದರಷ್ಟೇ ಸಾಲದು, ಮೊದಲು ಗದ್ದಲವನ್ನು ಹೊರಗಿಡಬೇಕು ಎಂದು ಕೋಹೆನ್ ಹಿಡಿದ ದಾರಿಯೇ ಬೇರೆ. ಇಲಿನಾಯ್ ವಿಶ್ವವಿದ್ಯಾಲಯದ ಷಿಕಾಗೊ ಆವರಣದಲ್ಲಿ ಅವರು ಕಾಂತರಕ್ಷಿತ ಕೋಣೆಯೊಂದನ್ನು ಕಟ್ಟಿದರು. ಮನುಷ್ಯನನ್ನು ಅದರೊಳಗೆ ಕೂರಿಸಿ, ತಲೆಯ ಬಳಿ ಹತ್ತು ಲಕ್ಷ ಸುತ್ತುಗಳ ತಾಮ್ರದ ಸುರುಳಿ ಇಟ್ಟರು. ಕಣ್ಣು ಮುಚ್ಚಿ ನೆಮ್ಮದಿಯಾಗಿರುವಾಗ ಮಿದುಳಿನಲ್ಲಿ ಏಳುವ ಆಲ್ಫಾ ಅಲೆಗಳೇ ಅವರ ಗುರಿ. ಒಂದು ಅಲೆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆದರೆ ಅಂಥ ನೂರಾರು ಅಲೆಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದರೆ, ಗೊತ್ತುಗುರಿಯಿಲ್ಲದ ಗದ್ದಲ ತನ್ನಷ್ಟಕ್ಕೆ ಕರಗಿ ಅಲೆಯ ಆಕಾರ ಮೇಲೇಳುತ್ತದೆ. 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮ್ಯಾಗ್ನೆಟೋಎನ್ಸೆಫಲೋಗ್ರಫಿ ಎಂಬ ಉದ್ದನೆಯ ಹೆಸರು, ಚುಟುಕಾಗಿ ಎಂಇಜಿ, ಚಲಾವಣೆಗೆ ಬಂದದ್ದು ಅಲ್ಲಿಂದ.

ಸರಾಸರಿಯ ಹಂಗಿಲ್ಲದೆ ನೇರವಾಗಿ ಅಲೆಗಳನ್ನು ಹಿಡಿಯಲು ತಾಮ್ರದ ಸುರುಳಿಗೆ ಶಕ್ತಿ ಸಾಲದು. ಆ ಕೊರತೆ ನೀಗಿಸಿದ್ದು ಝಿಮ್ಮರ್‌ಮನ್ ತಂದ ಸ್ಕ್ವಿಡ್ ಎಂಬ ಸಾಧನ. ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಷಿಯಸ್ ಕೆಳಗಿನ ದ್ರವ ಹೀಲಿಯಂನಲ್ಲಿ ಅದ್ದಿದಾಗ ಅತಿವಾಹಕವಾಗಿ ವರ್ತಿಸುವ ಪುಟ್ಟ ಲೋಹದ ಉಂಗುರ ಅದು. ಅದರ ಮೂಲಕ ಹಾಯುವ ಕಾಂತಕ್ಷೇತ್ರ ಕಿಂಚಿತ್ತು ಬದಲಾದರೂ ಗೊತ್ತಾಗಿಬಿಡುತ್ತದೆ. ಷಿಕಾಗೊದಿಂದ ಎಂಐಟಿಗೆ ಬಂದು ಇನ್ನೂ ಉತ್ತಮ ಕೋಣೆ ಕಟ್ಟಿಸಿದ್ದ ಕೋಹೆನ್, ಸ್ಕ್ವಿಡ್ ಬಳಸಿ ಪಡೆದ ಮಿದುಳಿನ ದಾಖಲೆಯನ್ನು 1972ರಲ್ಲಿ ಪ್ರಕಟಿಸಿದರು. ಈ ಬಾರಿ ಅಲೆಗಳು ಇಇಜಿಯಷ್ಟೇ ಸಲೀಸಾಗಿ ಕಾಗದದ ಮೇಲೆ ಮೂಡಿದವು.

ಕೋಣೆ ಸಿದ್ಧವಿದೆ, ಉಪಕರಣವೂ ಇದೆ. ಕೋಹೆನ್ ಸುಮ್ಮನೆ ಕೂರಲಿಲ್ಲ. ಕಬ್ಬಿಣದ ಕಣ ಸೇರಿದ ಧೂಳು ಶ್ವಾಸಕೋಶದಲ್ಲಿದ್ದರೆ ಅದನ್ನೂ ಅಳೆಯಬಹುದೆಂದು ವೆಲ್ಡಿಂಗ್ ಕೆಲಸಗಾರರನ್ನು, ಕಲ್ನಾರು ಗಣಿಯವರನ್ನು ಪರೀಕ್ಷಿಸಿದರು. ಅಪಾಯವಿಲ್ಲದ ಕಾಂತೀಯ ಧೂಳನ್ನು ಉಸಿರಾಡಿಸಿ ನಡೆಸಿದ ಪ್ರಯೋಗದ ಫಲಿತಾಂಶ 1979ರಲ್ಲಿ ಹೊರಬಂತು. ಸುಮಾರು ಒಂದು ವರ್ಷದ ಬಳಿಕ ಧೂಮಪಾನ ಮಾಡದವರ ಶ್ವಾಸಕೋಶದಲ್ಲಿ ಉಳಿದ ಧೂಳು ಶೇ 10 ಮಾತ್ರ, ಸೇದುವವರಲ್ಲಿ ಶೇ 50. ಮಿದುಳಿಗೆ ಸಂಬಂಧಿಸಿದ್ದಲ್ಲ ನಿಜ, ಆದರೆ ಬೀಡಿ ಸಿಗರೇಟು ಸೇದುವವರು ಗಮನಿಸಬೇಕಾದ ಅಂಕಿ.

ಇತ್ತ ಎಂಇಜಿ ಬೆಳೆಯತೊಡಗಿತ್ತು. ಎಂಆರ್‌ಐ ಮಿದುಳಿನ ಆಕಾರವನ್ನು ತೋರಿಸಿದರೆ, ಎಂಇಜಿ ಅದರ ಚಟುವಟಿಕೆಯನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹಿಂಬಾಲಿಸುತ್ತದೆ. ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ತಲೆಬುರುಡೆಯನ್ನು ದಾಟಿ ಬರುವಾಗ ವಿದ್ಯುತ್ ಸಂಕೇತ ಮಸುಕಾಗುತ್ತದೆ, ಕಾಂತ ಸಂಕೇತ ಹೆಚ್ಚುಕಡಿಮೆ ಇದ್ದಂತೆಯೇ ಹೊರಬರುತ್ತದೆ. ಹಾಗಾದರೆ ಚಟುವಟಿಕೆ ಮಿದುಳಿನ ಯಾವ ಬಿಂದುವಿನಲ್ಲಿ ಎಂಬುದನ್ನು ಎಂಇಜಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಹೇಳಬಲ್ಲದು, ಇಇಜಿ 20 ಮಿಲಿಮೀಟರ್ ತಪ್ಪುತ್ತದೆ ಎಂಬ ಮಾತು ಎಲ್ಲೆಡೆ ಹಬ್ಬಿತು.

ಈ ಮಿಲಿಮೀಟರುಗಳಿಗೆ ಬೆಲೆಯಿದೆ. ಮಾತ್ರೆಗೆ ಬಗ್ಗದ ಮೂರ್ಛೆರೋಗವಿದ್ದಾಗ, ಸೆಳವು ಹುಟ್ಟುವ ಜಾಗವನ್ನು ಕತ್ತರಿಸಿ ತೆಗೆಯುವುದು ಒಂದು ದಾರಿ. ಪಕ್ಕದಲ್ಲೇ ಮಾತಿನ ಕೇಂದ್ರವಿರಬಹುದು, ಕೈ ಆಡಿಸುವ ಕೇಂದ್ರವಿರಬಹುದು. ಕತ್ತಿ ಒಂದಿಷ್ಟು ಆಚೆ ಸರಿದರೆ ರೋಗಿ ಮಾತು ಕಳೆದುಕೊಂಡಾನು. ಆದ್ದರಿಂದಲೇ ಕೆಲವರಿಗೆ ಬುರುಡೆ ಕೊರೆದು ಮಿದುಳಿನೊಳಕ್ಕೇ ವಿದ್ಯುದ್ವಾರಗಳನ್ನು ಇಳಿಸಿ ನೋಡಬೇಕಾಗುತ್ತದೆ. ಹೊರಗಿನಿಂದಲೇ ನಿಖರವಾಗಿ ತಿಳಿಯುವುದಾದರೆ ಯಾರಿಗೆ ಬೇಡ?

ನಂಬಿಕೆ ಸರಿ, ಪರೀಕ್ಷೆ ಎಲ್ಲಿ? ಈ ಪ್ರಶ್ನೆ ಕೈಗೆತ್ತಿಕೊಂಡವರಲ್ಲಿ ಮುಂದೆ ನಿಂತವರು ಸ್ವತಃ ಕೋಹೆನ್. ಸೆಳವಿನ ಮೂಲ ಹುಡುಕಲೆಂದು ಮಿದುಳಿನಲ್ಲಿ ಆಗಲೇ ವಿದ್ಯುದ್ವಾರ ಇಳಿಸಿದ್ದ ಮೂವರು ರೋಗಿಗಳನ್ನು ಅವರ ತಂಡ ಆರಿಸಿಕೊಂಡಿತು. ಆ ವಿದ್ಯುದ್ವಾರಗಳ ಮೂಲಕ ನರಕೋಶದ ಸಂಕೇತವನ್ನು ಹೋಲುವ ಕ್ಷೀಣ ವಿದ್ಯುತ್ ಹರಿಸಿದರು. ಒಬ್ಬೊಬ್ಬರಲ್ಲಿ ನಾಲ್ಕು ಜಾಗ, ತಲೆಯ ಹೊರಗೆ 16 ಕಡೆ ಅಳತೆ. ಮೂಲ ಎಲ್ಲಿದೆಯೆಂದು ಮೊದಲೇ ಗೊತ್ತಿರುವುದರಿಂದ ಯಾವ ವಿಧಾನ ಎಷ್ಟು ತಪ್ಪಿತೆಂದು ತಾಳೆ ನೋಡುವುದು ಸುಲಭ. 1990ರಲ್ಲಿ 'ಆನಲ್ಸ್ ಆಫ್ ನ್ಯೂರಾಲಜಿ' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎಂಇಜಿಯ ಸರಾಸರಿ ತಪ್ಪು 8 ಮಿಲಿಮೀಟರ್, ನಿರೀಕ್ಷೆಗಿಂತ ಕಳಪೆ. ಇಇಜಿಯದು 10 ಮಿಲಿಮೀಟರ್, ನಿರೀಕ್ಷೆಗಿಂತ ಉತ್ತಮ. ಜಾಗ ಗುರುತಿಸುವುದರಲ್ಲಿ ಎಂಇಜಿಯ ಹೆಚ್ಚುಗಾರಿಕೆ ಹೇಳಿಕೊಳ್ಳುವಂಥದಲ್ಲ ಎಂದು ಆ ವಿದ್ಯೆಯನ್ನು ಹುಟ್ಟುಹಾಕಿದವರೇ ಬರೆದರು. ಅದರ ಬೇರೆ ಉಪಯೋಗಗಳಿಗೆ ಇದರಿಂದ ಕುಂದಿಲ್ಲ ಎಂದೂ ಸೇರಿಸಿದರು.

ಹೆತ್ತವರೇ ಮಗುವಿನ ದೂರು ಹೇಳಿದಂತಾಯಿತು! ಕೋಣೆ, ಹೀಲಿಯಂ, ಸ್ಕ್ವಿಡ್ ಎಲ್ಲ ಸೇರಿ ಎಂಇಜಿ ಬಲು ದುಬಾರಿ. ಅದರ ಮುಂದೆ ಇಇಜಿ ಬಡವರ ಯಂತ್ರ. ಹೀಗಿರುವಾಗ ಎರಡೂ ಹೆಚ್ಚುಕಡಿಮೆ ಒಂದೇ ಎಂದರೆ ಈ ಕ್ಷೇತ್ರದಲ್ಲಿ ದುಡಿಯುತ್ತಿದ್ದವರು ಸುಮ್ಮನಿದ್ದಾರೆಯೆ? ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು 1991ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಯೋಗದ ವಿಧಾನವನ್ನೇ ಪ್ರಶ್ನಿಸಿದರು. ಮೂವರೇ ರೋಗಿಗಳನ್ನು ಮುಂದಿಟ್ಟುಕೊಂಡು ಕೊನೆಯ ತೀರ್ಪು ಕೊಡಲಾಗದು ಎಂಬುದೂ ನಿಜವೇ. ಮರುವರ್ಷ ಹೆಲ್ಸಿಂಕಿಯವರು ಇಡೀ ತಲೆಯನ್ನು ಆವರಿಸುವ, 122 ಸಂವೇದಕಗಳ ಶಿರಸ್ತ್ರಾಣದಂಥ ಯಂತ್ರವನ್ನು ಸಿದ್ಧಪಡಿಸಿದರು. ಮುಂದೆ ಸಂವೇದಕಗಳ ಸಂಖ್ಯೆ 306ಕ್ಕೆ ಏರಿತು.

ಕಾಲ ಕಳೆದಂತೆ ಜಗಳದ ಕಾವು ಇಳಿಯಿತು. ಮಿದುಳಿನ ಮಡಿಕೆಗಳ ಗೋಡೆಯಲ್ಲಿ, ಬುರುಡೆಗೆ ಸಮಾನಾಂತರವಾಗಿ ಹರಿಯುವ ವಿದ್ಯುತ್ತನ್ನು ಎಂಇಜಿ ಚೆನ್ನಾಗಿ ಗ್ರಹಿಸುತ್ತದೆ. ನೇರವಾಗಿ ಬುರುಡೆಯ ಕಡೆಗೆ ಮುಖಮಾಡಿ ಹರಿಯುವುದಕ್ಕೆ ಅದು ಬಹುಮಟ್ಟಿಗೆ ಕುರುಡು. ಇಇಜಿ ಎರಡನ್ನೂ ಕಾಣುತ್ತದೆ, ಆದರೆ ಕಲಸಿಹೋದಂತೆ. ಹೀಗಾಗಿ ಎರಡನ್ನೂ ಒಟ್ಟಿಗೆ ಬಳಸುವ ಪದ್ಧತಿ ಬೆಳೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಎಂಇಜಿ ಸಂಶೋಧನಾ ಕೇಂದ್ರ ಸ್ಥಾಪನೆಯಾಗಿ, ಮೂರ್ಛೆರೋಗದ ಮೂಲವನ್ನು ಪತ್ತೆಹಚ್ಚುವ ಅಧ್ಯಯನಗಳು ಅಲ್ಲಿಂದ ಹೊರಬಂದಿವೆ.

2018ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಮತ್ತು ಲಂಡನ್ ವಿಜ್ಞಾನಿಗಳು ದ್ರವ ಹೀಲಿಯಂ ಬೇಕಿಲ್ಲದ, ತಲೆಗೆ ತೊಡಬಹುದಾದ ಎಂಇಜಿಯನ್ನು ತೋರಿಸಿದರು. ಅದನ್ನು ತೊಟ್ಟವರು ಚಹಾ ಕುಡಿದರು, ಚೆಂಡು ಬ್ಯಾಟು ಹಿಡಿದು ಆಡಿದರು. ಅಲ್ಲಾಡದೆ ಕೂರಬೇಕೆಂಬ ಕಟ್ಟುಪಾಡು ಹೋಯಿತು. ಆದರೆ ಅವರ ಆಟ ನಡೆದದ್ದೂ ಕಾಂತರಕ್ಷಿತ ಕೋಣೆಯ ಒಳಗೇ.