ಬಿಳಿ ಚೆಂಡು, ಕಪ್ಪು ಚೆಂಡು

ಪ್ರತಿ ಡಿಸೆಂಬರಿನಲ್ಲಿ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಹ್ಯಾಂಡೆಲ್‌ನ ‘ಮೆಸಾಯ’ದಿಂದ ಒಂದು ತುಣುಕು ಹಾಕುತ್ತೇನೆ. ಆ ಸಂಗೀತಕ್ಕೂ ಬೀದಿಪಾಲಾದ ಕೂಸುಗಳಿಗೂ ಇರುವ ನಂಟನ್ನು ಎರಡು ಹಾಡುಗಳ ನಡುವೆ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಲಾಗದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಡಗಿನ ಕ್ಯಾಪ್ಟನ್ ಥಾಮಸ್ ಕೋರಮ್ ಅಮೆರಿಕದಿಂದ ಲಂಡನ್ನಿಗೆ ಮರಳಿದಾಗ ರಸ್ತೆ ಬದಿಯಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ಕಂಡ. ಕೆಲವು ಸತ್ತಿದ್ದವು, ಕೆಲವಕ್ಕೆ ಇನ್ನೂ ಉಸಿರಿತ್ತು. ದಿಕ್ಕಿಲ್ಲದವರಿಗೆ ಮಾಡಿದ್ದು ದೇವರಿಗೇ ಸಲ್ಲುತ್ತದೆ ಎಂಬುದು ಕ್ರೈಸ್ತರ ಹಳೆಯ ನಂಬಿಕೆ. ನಾಲ್ಕನೇ ಶತಮಾನದಲ್ಲೇ ಸಿಸೇರಿಯಾದ ಬಿಷಪ್ ಬೇಸಿಲ್ ಬಡವರಿಗೆ, ಕುಷ್ಠರೋಗಿಗಳಿಗೆ ದೊಡ್ಡ ಆಶ್ರಯವನ್ನೇ ಕಟ್ಟಿಸಿದ್ದ. ಹಾಗಿದ್ದ ಮೇಲೆ ಕೋರಮ್‌ನ ಕೆಲಸ ಸಲೀಸಾಗಬೇಕಿತ್ತು, ಅಲ್ಲವೇ?

ಆಗಲಿಲ್ಲ. 17 ವರ್ಷ ಮನೆಮನೆ ಅಲೆದ. ಮದುವೆಯಿಲ್ಲದೆ ಹೆರುವುದು ಪಾಪವೆಂದೂ ಅದೇ ಧರ್ಮ ಕಲಿಸಿತ್ತು ನೋಡಿ. ಇಂಥ ಮಕ್ಕಳನ್ನು ಸಾಕಿದರೆ ಪಾಪಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂದು ದೊಡ್ಡವರು ಮೂಗು ಮುರಿದರು. ಮಗುವನ್ನು ಬೀದಿಗೆ ಹಾಕಿಸಿದ್ದೂ, ಎತ್ತಿಕೊಳ್ಳಲು ಕೈ ಚಾಚಿದ್ದೂ ಒಂದೇ ನೀತಿ ಎಂದು ನನಗನ್ನಿಸುತ್ತದೆ. ಕಡೆಗೆ ಶ್ರೀಮಂತ ಮನೆತನಗಳ ಹೆಂಗಸರು ಅರ್ಜಿಗೆ ಸಹಿ ಹಾಕಿದ ಮೇಲೆ ದಾರಿ ತೆರೆಯಿತು. 1739ರಲ್ಲಿ ರಾಜನ ಸನದು ಸಿಕ್ಕಿ, 1741ರಲ್ಲಿ ಫೌಂಡ್ಲಿಂಗ್ ಹಾಸ್ಪಿಟಲ್ ಬಾಗಿಲು ತೆರೆಯಿತು. ಹಾಸ್ಪಿಟಲ್ ಎಂದರೆ ಆಸ್ಪತ್ರೆಯಲ್ಲ, ಆಶ್ರಯಧಾಮ.

ಬಂದ ತಾಯಂದಿರು ಹೆಚ್ಚು, ಜಾಗ ಕಡಿಮೆ. 1742ರಿಂದ ಚೀಲದೊಳಗೆ ಕೈಹಾಕಿ ಚೆಂಡು ತೆಗೆಯಬೇಕಾಯಿತು. ಬಿಳಿ ಬಂದರೆ ಮಗು ಒಳಗೆ, ರೋಗವಿಲ್ಲದಿದ್ದರೆ. ಕೆಂಪು ಬಂದರೆ ಕಾಯಬೇಕು. ಕಪ್ಪು ಬಂದರೆ ಮಗುವಿನ ಜೊತೆ ವಾಪಸ್.

‘ಮೆಸಾಯ’ ಮೊದಲು ಕೇಳಿಸಿದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್ನಿನಲ್ಲಿ. ಆ ಹಣದಿಂದ ಸಾಲಕ್ಕಾಗಿ ಜೈಲಿನಲ್ಲಿದ್ದ 142 ಮಂದಿಗೆ ಬಿಡುಗಡೆಯಾಯಿತು. 1750ರಲ್ಲಿ ಹ್ಯಾಂಡೆಲ್ ಅದನ್ನು ಈ ಮಕ್ಕಳ ಸಹಾಯಾರ್ಥ ನುಡಿಸಿದ. ಆಮೇಲೆ ವರ್ಷವರ್ಷವೂ ನಡೆಯಿತು. 1759ರಲ್ಲಿ ಸತ್ತಾಗ ಅದರ ಸ್ವರಲಿಪಿಯ ಪ್ರತಿಯನ್ನೂ ಉಯಿಲಿನಲ್ಲಿ ಆ ಸಂಸ್ಥೆಗೇ ಬರೆದಿಟ್ಟಿದ್ದ.

1756ರಲ್ಲಿ ಪಾರ್ಲಿಮೆಂಟು ಹಣ ಕೊಟ್ಟು, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳಿ ಎಂದಿತು. ನಾಲ್ಕು ವರ್ಷ ತುಂಬುವುದರೊಳಗೆ ಸುಮಾರು 15,000 ಮಕ್ಕಳು ಬಂದರು. ಹೆಚ್ಚಿನವರು ಉಳಿಯಲಿಲ್ಲ. 1760ರಲ್ಲಿ ಹೀಗೆ ಎಲ್ಲರನ್ನೂ ಸೇರಿಸಿಕೊಳ್ಳುವುದು ನಿಂತಿತು.

ಮುಂದೆಂದಾದರೂ ಗುರುತು ಹಿಡಿಯಲೆಂದು ತಾಯಂದಿರು ಮಗುವಿನ ಜೊತೆ ಏನಾದರೊಂದು ಬಿಟ್ಟುಹೋಗುತ್ತಿದ್ದರು: ಸವೆದ ನಾಣ್ಯ, ಬಟ್ಟೆಯ ಚೂರು, ಉಂಗುರ. ಮಗುವನ್ನು ಹಿಂದಕ್ಕೆ ಕರೆದೊಯ್ಯಲಾದವರು ತೀರ ಕಡಿಮೆ. ಲಂಡನ್ನಿನ ಫೌಂಡ್ಲಿಂಗ್ ಮ್ಯೂಸಿಯಮ್ಮಿನಲ್ಲಿ ಆ ಗುರುತುಗಳಿವೆ. ಕೊಡಲು ಬೇರೇನೂ ಇಲ್ಲದ ತಾಯಿಯೊಬ್ಬಳು ಇಟ್ಟುಹೋದಂತೆ ಕಾಣುವ ಒಂದು ಕಾಯಿಯ ಒಣ ಚಿಪ್ಪೂ ಇದೆ.