ಖಾಲಿ ಕುರ್ಚಿ

ಪೀಣ್ಯ ಎರಡನೇ ಹಂತದಲ್ಲಿ ನಮ್ಮವರದೊಂದು ಸಣ್ಣ ವರ್ಕ್‌ಶಾಪು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು. ಮಾವನವರು ತೀರಿಕೊಂಡ ಮೇಲೆ, 2012ರಲ್ಲಿ, ಅದರ ಖಾತೆ ಬದಲಾಯಿಸಬೇಕಾಯಿತು. ನಮ್ಮವರು ಮೆಷಿನ್ನು ಬಿಟ್ಟು ಬರುವಂತಿಲ್ಲ. ಕಚೇರಿಗೆ ಅಲೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರನೆಯ ಸಲ ಹೋದಾಗ ಗುಮಾಸ್ತರು ಮೆಲ್ಲಗೆ ಒಂದು ಮೊತ್ತ ಹೇಳಿದರು. ಅವರ ತಲೆಯ ಮೇಲೇ ಗೋಡೆಗೆ ಒಂದು ಫಲಕ: ಲಂಚ ಕೇಳಿದರೆ ಲೋಕಾಯುಕ್ತರಿಗೆ ದೂರು ಕೊಡಿ ಎಂದು. ನಾನು ಕಣ್ಣಲ್ಲೇ ಅದನ್ನು ತೋರಿಸಿದೆ. ಅವರು ಸಿಟ್ಟಾಗಲಿಲ್ಲ. “ಅಲ್ಲಿ ಕುರ್ಚಿನೇ ಖಾಲಿ ಇದೆಯಲ್ಲ ಮೇಡಂ” ಎಂದು ನಕ್ಕರು.

ಅವರು ಹೇಳಿದ್ದು ಸುಳ್ಳಲ್ಲ. ಆ ನಗು ನನ್ನನ್ನು ಎಷ್ಟು ಚುಚ್ಚಿತೆಂದರೆ, ಆ ಕುರ್ಚಿಯ ಕಥೆಯನ್ನು ಹುಡುಕಿಕೊಂಡು ಓದತೊಡಗಿದೆ.

ಅಧಿಕಾರದಲ್ಲಿರುವವರ ಮೇಲೊಂದು ಸ್ವತಂತ್ರ ಕಣ್ಣಿರಬೇಕೆಂಬ ಆಲೋಚನೆ ಹೊಸದಲ್ಲ. ಸ್ವೀಡನ್ ದೇಶ 1809ರಲ್ಲೇ ಅಂಥ ಒಂದು ಹುದ್ದೆಯನ್ನು ಮಾಡಿತು. ನಮ್ಮಲ್ಲಿ 1966ರಲ್ಲಿ ಆಡಳಿತ ಸುಧಾರಣಾ ಆಯೋಗ, ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದಿತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ 1984ರಲ್ಲಿ ಕಾಯಿದೆ ಮಾಡಿತು. ಅದು ಜಾರಿಗೆ ಬಂದದ್ದು 1986ರ ಜನವರಿಯಲ್ಲಿ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರಾದರು. ಮುಖ್ಯಮಂತ್ರಿಯೂ ಈ ಕಾಯಿದೆಯ ವ್ಯಾಪ್ತಿಗೆ ಬಂದರು.

ಆದರೂ ಬಹುಕಾಲ ಅದು ನಮ್ಮಂಥವರ ಮನೆಯೊಳಗೆ ಬಂದಿರಲಿಲ್ಲ. ಬಂದದ್ದು 2001ರಲ್ಲಿ, ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರೊಂದಿಗೆ. ಅವರು ಸರ್ಕಾರಿ ಆಸ್ಪತ್ರೆಗಳಿಗೆ, ಕಚೇರಿಗಳಿಗೆ ಹೇಳದೆ ಕೇಳದೆ ನುಗ್ಗಿ ಅಧಿಕಾರಿಗಳನ್ನು ಗದರುವುದನ್ನು ಟೀವಿಯಲ್ಲಿ ನೋಡುತ್ತ ನಮ್ಮತ್ತೆ ಒಲೆಯ ಮೇಲಿನ ಹಾಲನ್ನೂ ಮರೆಯುತ್ತಿದ್ದರು. ಅವರ ನಂತರ ಬಂದವರು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆಯೆಂಬ ವರದಿಯನ್ನು 2011ರ ಜುಲೈ 27ರಂದು ಕೊಟ್ಟರು. ನಾಲ್ಕೇ ದಿನದಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿ ಕಂಪನಿಯಿಂದ ಹಣ ಪಡೆದ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತೆಂಬುದನ್ನೂ ಹೇಳಲೇಬೇಕು. ತಪ್ಪಿತಸ್ಥರು ಯಾರೆಂದು ತೀರ್ಮಾನಿಸುವುದು ನ್ಯಾಯಾಲಯ. ಹೆದರದೆ ಕೇಳುವವರೊಬ್ಬರು ಇರಬೇಕು, ಅಷ್ಟೆ.

ಕೇಳುವವರ ಕಥೆ ಮುಂದೇನಾಯಿತು? ಅವರ ನಂತರ ಬಂದ ಶಿವರಾಜ್ ಪಾಟೀಲರು ನಿವೇಶನದ ವಿವಾದವೆದ್ದು ಎರಡು ತಿಂಗಳೊಳಗೇ, 2011ರ ಸೆಪ್ಟೆಂಬರಿನಲ್ಲಿ, ರಾಜೀನಾಮೆ ಕೊಟ್ಟರು. ಆ ಮೇಲೆ 2013ರ ಫೆಬ್ರವರಿಯವರೆಗೆ ಕುರ್ಚಿ ಖಾಲಿ. ನನ್ನ ಖಾತೆ ಸಿಕ್ಕಿಕೊಂಡದ್ದು ಆಗಲೇ. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗಿನಿಂದಲೇ ಹಣ ವಸೂಲಿ ನಡೆಯುತ್ತಿದೆಯೆಂಬ ಆರೋಪ ಬಂದು, ಆಗಿನ ಲೋಕಾಯುಕ್ತ ಭಾಸ್ಕರ ರಾವ್ ಡಿಸೆಂಬರಿನಲ್ಲಿ ಹುದ್ದೆ ಬಿಟ್ಟರು. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಖಾಲಿ. ಈ ನಡುವೆ, 2016ರ ಮಾರ್ಚಿನಲ್ಲಿ, ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಎಂಬುದನ್ನು ಹುಟ್ಟುಹಾಕಿ, ಲಂಚದ ಪ್ರಕರಣಗಳ ತನಿಖೆಯನ್ನು ಲೋಕಾಯುಕ್ತ ಪೊಲೀಸರ ಕೈಯಿಂದ ತೆಗೆದು ಅದಕ್ಕೆ ಕೊಟ್ಟಿತು. ಆ ದಳವಿದ್ದದ್ದು ಮುಖ್ಯಮಂತ್ರಿಗಳ ಅಧೀನದಲ್ಲಿ. ಲೆಕ್ಕ ಕೊಡಬೇಕಾದವರ ಕೈಗೇ ಲೆಕ್ಕ ಕೇಳುವ ಪುಸ್ತಕ! 2022ರ ಆಗಸ್ಟ್ 11ರಂದು ಹೈಕೋರ್ಟು ಆ ದಳವನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಇಷ್ಟನ್ನೂ ಓದಿದ ಮೇಲೆ ನನಗೆ ತಿಳಿದದ್ದು ಇದು: ಒಂದು ಸಂಸ್ಥೆಯನ್ನು ಮುಚ್ಚುವ ಅಪಖ್ಯಾತಿ ಯಾರಿಗೂ ಬೇಡ, ಕುರ್ಚಿಯನ್ನು ಖಾಲಿ ಬಿಟ್ಟರೆ, ಕೈಕೆಳಗಿನ ಪೊಲೀಸರನ್ನು ಕಿತ್ತುಕೊಂಡರೆ ಸಾಕು. ಫಲಕ ಗೋಡೆಯ ಮೇಲೆಯೇ ಇರುತ್ತದೆ. ಹುದ್ದೆ ತೆರವಾದರೆ ಇಷ್ಟೇ ದಿನದೊಳಗೆ ತುಂಬಬೇಕು, ತನಿಖೆಯ ಪೊಲೀಸರು ಲೋಕಾಯುಕ್ತರಿಗೇ ಉತ್ತರ ಹೇಳಬೇಕು ಎಂಬುದನ್ನು ನಾವು ಓಟು ಕೇಳಲು ಬರುವವರ ಮುಂದೆ ಇಡಬೇಕು. ನೀರು, ರಸ್ತೆಯ ಜೊತೆಗೆ ಇದೂ ಒಂದು.

ನಾನು ಅಂದು ಹಣ ಕೊಟ್ಟೆ. ಕುರ್ಚಿ ಖಾಲಿಯಿದ್ದರೂ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದಿತ್ತೆಂದು ನನಗೆ ಗೊತ್ತಿರಲಿಲ್ಲ. ನೋಟಿಗೆ ಪುಡಿ ಹಚ್ಚಿ ಕೊಟ್ಟು, ತೆಗೆದುಕೊಂಡವರ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದಂತೆ. ಗೊತ್ತಿದ್ದರೂ ಧೈರ್ಯ ಬರುತ್ತಿತ್ತೋ ಇಲ್ಲವೋ. ಆ ಖಾತೆಯ ಕಾಗದ ಬೀರುವಿನಲ್ಲಿದೆ. ತೆಗೆದಾಗಲೆಲ್ಲ ಆ ನಗು ನೆನಪಾಗುತ್ತದೆ.

ಮೊನ್ನೆ ಗಾರ್ಮೆಂಟ್ಸಿಗೆ ಹೋಗುವ ಎದುರುಮನೆಯ ಹುಡುಗಿ ಬಂದಳು. ತಾಯಿಯ ವಿಧವಾ ವೇತನಕ್ಕೆ ಯಾರೋ ದುಡ್ಡು ಕೇಳಿದ್ದಾರೆ. “ಏನು ಮಾಡಲಿ ಆಂಟಿ?” ಎಂದಳು. ದೂರಿಗೆ ಒಂದನೇ ನಮೂನೆ, ಪ್ರಮಾಣಪತ್ರಕ್ಕೆ ಎರಡನೇ ನಮೂನೆ. ಎರಡನ್ನೂ ತರಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ತುಂಬಲು ಕುಳಿತೆವು.